ಕ್ಷುದ್ರಗ್ರಹಗಳ ಬೆನ್ನು ಹತ್ತುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಗ್ರಹ, ನೀಹಾರಿಕೆ ಎಲ್ಲದರ ಫೋಟೊ ತೆಗೆದ ಮೇಲೆ ಮುಂದೇನು ಅಂತ ಕೇಳುವವರು ಬಹಳ ಜನ. ಕ್ಷುದ್ರಗ್ರಹಗಳ, ಅಂದರೆ ಸೂರ್ಯನನ್ನು ಸುತ್ತುವ ಕಲ್ಲುಗಳ, ಸ್ಥಾನ ಅಳೆದು ವರದಿ ಮಾಡುವುದು ಅಂಥವರಿಗೆ ಒಳ್ಳೆಯ ಕೆಲಸ. ಫೋಟೊ ಚೆನ್ನಾಗಿ ಬರಬೇಕಿಲ್ಲ. ಒಂದು ಚುಕ್ಕೆ ಯಾವ ಕ್ಷಣದಲ್ಲಿ ಎಲ್ಲಿತ್ತು ಅಂತ ಸರಿಯಾಗಿ ಹೇಳಿದರೆ ಸಾಕು. ಆದರೆ ಆ "ಸರಿಯಾಗಿ" ಅನ್ನುವುದರಲ್ಲೇ ಎಲ್ಲ ಪ್ರಶ್ನೆಗಳೂ ಹುಟ್ಟುತ್ತವೆ.

ಕಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ಇವೆಯಲ್ಲ, ಮತ್ತೆ ಮತ್ತೆ ಅಳೆಯುವುದು ಯಾಕೆ?

ಕಕ್ಷೆ ಅಂದರೆ ಇದುವರೆಗಿನ ಅಳತೆಗಳಿಂದ ಹಾಕಿದ ಲೆಕ್ಕ, ಅಷ್ಟೇ. ಅಳತೆ ಕಡಿಮೆಯಿದ್ದರೆ ಲೆಕ್ಕ ಸಡಿಲ. ದಿನ ಕಳೆದಂತೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಆ ಕಲ್ಲು ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮೊಟ್ಟಮೊದಲ ಕ್ಷುದ್ರಗ್ರಹಕ್ಕೇ ಹೀಗಾಯಿತು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಪಿಯಾಜ್ಜಿ ಸೀರಿಸ್ ಅನ್ನು ಕಂಡರು. ಫೆಬ್ರವರಿ 11ರವರೆಗೆ ಹಿಂಬಾಲಿಸಿದರು. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಇದ್ದ ಆ ಸ್ವಲ್ಪ ಅಳತೆಗಳಿಂದಲೇ 24 ವರ್ಷದ ಗಣಿತಜ್ಞ ಗೌಸ್ ಕಕ್ಷೆ ಲೆಕ್ಕ ಹಾಕಿದರು. ಅದೇ ವರ್ಷದ ಡಿಸೆಂಬರ್ 31ರಂದು ಫಾನ್ ಜಾಖ್ ಎಂಬ ಖಗೋಳಜ್ಞರಿಗೆ ಸೀರಿಸ್ ಮತ್ತೆ ಸಿಕ್ಕಿತು.

ಎಲ್ಲ ಕಲ್ಲುಗಳಿಗೂ ಗೌಸ್ ಸಿಗಲಿಲ್ಲ. 1911ರಲ್ಲಿ ವಿಯೆನ್ನಾದಲ್ಲಿ ಕಂಡ ಆಲ್ಬರ್ಟ್ ಎಂಬ ಕ್ಷುದ್ರಗ್ರಹ ಕಳೆದುಹೋಯಿತು. ಅದಕ್ಕೆ ಆಗಲೇ 719 ಅಂತ ನಂಬರೂ ಕೊಟ್ಟಾಗಿತ್ತು. ಅದು ಮತ್ತೆ ಸಿಕ್ಕಿದ್ದು 2000ದಲ್ಲಿ. ಈಗ ಗೊತ್ತಿರುವ ಕ್ಷುದ್ರಗ್ರಹಗಳು 14 ಲಕ್ಷ ದಾಟಿವೆ. ಅದರಲ್ಲಿ ಲಕ್ಷಗಟ್ಟಲೆ ಇನ್ನೂ ಸಡಿಲ ಕಕ್ಷೆಯವು. ನನ್ನ ಅಭಿಪ್ರಾಯದಲ್ಲಿ ಹವ್ಯಾಸಿಯ ಮುಖ್ಯ ಕೆಲಸ ಹೊಸದನ್ನು ಹುಡುಕುವುದಲ್ಲ, ಸಿಕ್ಕಿದ್ದು ಕಳೆದುಹೋಗದಂತೆ ನೋಡಿಕೊಳ್ಳುವುದು.

ಇವತ್ತು ರಾತ್ರಿ ಅದು ಎಲ್ಲಿರುತ್ತದೆ ಅಂತ ತಿಳಿಯುವುದು ಹೇಗೆ?

ಅದಕ್ಕೆ ಎಫೆಮೆರಿಸ್ ಬೇಕು. ಯಾವ ಹೊತ್ತಿಗೆ ಆಕಾಶದ ಯಾವ ಜಾಗ ಅಂತ ಹೇಳುವ ಪಟ್ಟಿ ಅದು. ಕ್ಷುದ್ರಗ್ರಹಗಳ ಪಂಚಾಂಗ ಅನ್ನಿ. ಎರಡು ಕಡೆ ಉಚಿತವಾಗಿ ಸಿಗುತ್ತದೆ.

ಒಂದು, ಮೈನರ್ ಪ್ಲಾನೆಟ್ ಸೆಂಟರ್. ಎಲ್ಲರೂ ಎಂಪಿಸಿ ಅನ್ನುತ್ತಾರೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ಜಗತ್ತಿನ ಎಲ್ಲ ಅಳತೆಗಳನ್ನೂ ಕೂಡಿಡುವ ಜಾಗ ಇದೇ. 1947ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಶುರುವಾಯಿತು, 1978ರಿಂದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದೆ. ಇನ್ನೊಂದು, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಹೊರೈಜನ್ಸ್.

ದಿನನಿತ್ಯದ ಕೆಲಸಕ್ಕೆ ಎಂಪಿಸಿ ಸಾಕು. ಒಂದೇ ಸಲಕ್ಕೆ ಹತ್ತಾರು ಹೆಸರು ಕೊಟ್ಟು ಪಟ್ಟಿ ತೆಗೆಯಬಹುದು. ಅನುಮಾನ ಬಂದಾಗ, ಅಥವಾ ಭೂಮಿಗೆ ತೀರಾ ಹತ್ತಿರ ಹಾದುಹೋಗುವ ಕಲ್ಲಾದಾಗ, ಹೊರೈಜನ್ಸ್ ನೋಡಿ. ಸ್ಥಾನದ ಜೊತೆ ಅದರಲ್ಲಿ ಎಷ್ಟು ತಪ್ಪಿರಬಹುದು ಅನ್ನುವುದನ್ನೂ ಅದು ಆರ್ಕ್‌ಸೆಕೆಂಡ್‌ಗಳಲ್ಲಿ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಕೊಡುತ್ತದೆ.

ಪಟ್ಟಿಯಲ್ಲಿ ಇಷ್ಟೊಂದು ಕಾಲಂ ಇದೆ. ಯಾವುದನ್ನು ನೋಡಲಿ?

ಆರ್‌ಎ ಮತ್ತು ಡೆಕ್ ಅಂದರೆ ಆಕಾಶದ ವಿಳಾಸ. ಇವು ಜೆ2000 (2000ನೇ ಇಸವಿಗೆ ಹೊಂದಿಸಿದ ಆಕಾಶದ ಅಳತೆಗೆರೆಗಳ) ಲೆಕ್ಕದಲ್ಲಿ ಇರಲಿ. ವಿ ಅಂದರೆ ಎಷ್ಟು ಪ್ರಕಾಶ, ಅದರ ಅಳತೆ ಮ್ಯಾಗ್ನಿಟ್ಯೂಡ್. ಈ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ಮಂಕು. ಐದು ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ನೂರು ಪಟ್ಟು ವ್ಯತ್ಯಾಸ. ಎಚ್ ಅನ್ನುವ ಇನ್ನೊಂದು ಸಂಖ್ಯೆಯೂ ಕಾಣಿಸುತ್ತದೆ. ಅದು ಕಲ್ಲಿನ ಗಾತ್ರಕ್ಕೆ ಸಂಬಂಧಪಟ್ಟದ್ದು, ಇವತ್ತು ಕಾಣುತ್ತದೋ ಇಲ್ಲವೋ ಅಂತ ಅದು ಹೇಳುವುದಿಲ್ಲ.

ಇನ್ನು ವೇಗ. ಇಲ್ಲೇ ಜನ ಎಡವುವುದು. ಎಂಪಿಸಿ ಸಾಮಾನ್ಯವಾಗಿ ನಿಮಿಷಕ್ಕೆ ಎಷ್ಟು ಆರ್ಕ್‌ಸೆಕೆಂಡ್ ಅಂತ ಹೇಳುತ್ತದೆ. ಹೊರೈಜನ್ಸ್ ಗಂಟೆಗೆ ಎಷ್ಟು ಅಂತ ಹೇಳುತ್ತದೆ. ಎರಡನ್ನೂ ಕಲಸಿಕೊಂಡರೆ ಅರವತ್ತು ಪಟ್ಟು ತಪ್ಪು.

ಕಲ್ಲಿನ ಎತ್ತರ, ಚಂದ್ರ ಎಷ್ಟು ದೂರ, ಸೂರ್ಯ ಎಷ್ಟು ಕೆಳಗೆ, ಇವನ್ನೂ ನೋಡಿಕೊಳ್ಳಿ. ಕಲ್ಲು 30 ಡಿಗ್ರಿ ಎತ್ತರಕ್ಕಿಂತ ಕೆಳಗಿದ್ದರೆ ನಾನು ಬಿಟ್ಟುಬಿಡುತ್ತೇನೆ. ಕಷ್ಟಪಟ್ಟು ತೆಗೆದ ಅಳತೆಯೂ ಚೆನ್ನಾಗಿ ಬರುವುದಿಲ್ಲ. ಕಕ್ಷೆ ಎಷ್ಟು ಸಡಿಲ ಅನ್ನುವುದಕ್ಕೆ ಎಂಪಿಸಿ ಯು ಎಂಬ ಅಂಕೆ ಕೊಡುತ್ತದೆ. 0 ಅಂದರೆ ಗಟ್ಟಿ, 9 ಅಂದರೆ ದೇವರೇ ಗತಿ. ನಿಮ್ಮ ಅಳತೆ ಹೆಚ್ಚು ಉಪಯೋಗಕ್ಕೆ ಬರುವುದು ಯು ಜಾಸ್ತಿ ಇರುವ ಕಡೆ.

ನನ್ನ ಊರಿನ ಅಕ್ಷಾಂಶ, ರೇಖಾಂಶ ಯಾಕೆ ಕೇಳುತ್ತದೆ? ನಕ್ಷತ್ರಗಳಿಗೆ ಅದೆಲ್ಲ ಬೇಕಿರಲಿಲ್ಲ.

ನಕ್ಷತ್ರ ಎಷ್ಟೋ ದೂರ. ನೀವು ಬೀದರಿನಲ್ಲಿದ್ದರೂ ಚಾಮರಾಜನಗರದಲ್ಲಿದ್ದರೂ ಅದೇ ಜಾಗದಲ್ಲಿ ಕಾಣುತ್ತದೆ. ಕ್ಷುದ್ರಗ್ರಹ ಹಾಗಲ್ಲ. ಸೂರ್ಯನಷ್ಟು ದೂರದಲ್ಲಿರುವ ಕಲ್ಲನ್ನು ಭೂಮಿಯ ಕೇಂದ್ರದಿಂದ ನೋಡುವುದಕ್ಕೂ ಮೇಲ್ಮೈಯಿಂದ ನೋಡುವುದಕ್ಕೂ 8.8 ಆರ್ಕ್‌ಸೆಕೆಂಡ್‌ವರೆಗೆ ವ್ಯತ್ಯಾಸ ಬರಬಹುದು. ಕಲ್ಲು ಅದರ ನೂರನೇ ಒಂದು ಭಾಗದಷ್ಟು ದೂರಕ್ಕೆ, ಅಂದರೆ ಸುಮಾರು 15 ಲಕ್ಷ ಕಿಲೋಮೀಟರಿಗೆ ಬಂತು ಅನ್ನಿ. ವ್ಯತ್ಯಾಸ ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟಾಗುತ್ತದೆ. ಚಂದ್ರನಷ್ಟೇ ಹತ್ತಿರ ಬಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಕ್ಯಾಮೆರಾ ಖಾಲಿ ಆಕಾಶವನ್ನು ನೋಡುತ್ತಾ ಕೂರುತ್ತದೆ.

ಎಂಪಿಸಿಯಲ್ಲಿ ವೀಕ್ಷಣಾಲಯದ ಕೋಡ್ (ಆಕಾಶ ನೋಡುವ ಜಾಗಕ್ಕೆ ಎಂಪಿಸಿ ಕೊಡುವ ಗುರುತು) ಜಾಗದಲ್ಲಿ 500 ಅಂತ ಇದ್ದರೆ ಅದು ಭೂಮಿಯ ಕೇಂದ್ರದ ಲೆಕ್ಕ. ಅಲ್ಲಿಂದ ಯಾರೂ ಆಕಾಶ ನೋಡುವುದಿಲ್ಲ ಅಲ್ವಾ? ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ ಹಾಕಿ.

ಸ್ಟೆಲೇರಿಯಂ (ಆಕಾಶದ ನಕ್ಷೆಯ ತಂತ್ರಾಂಶ) ತೋರಿಸಿದ ಜಾಗದಲ್ಲಿ ಕಲ್ಲು ಇರಲೇ ಇಲ್ಲ. ಯಾಕೆ?

ಬಹುತೇಕ ಹಳೆಯ ಕಕ್ಷೆಯ ತೊಂದರೆ. ಪ್ರತಿ ಕಕ್ಷೆಯ ಅಂಕಿಗಳಿಗೂ ಒಂದು ದಿನಾಂಕ ಇರುತ್ತದೆ. ಗುರುಗ್ರಹ ಮೊದಲಾದವು ಎಳೆಯುವುದರಿಂದ ಕಕ್ಷೆ ಸದಾ ಸ್ವಲ್ಪ ಸ್ವಲ್ಪ ಬದಲಾಗುತ್ತಲೇ ಇರುತ್ತದೆ. ಸ್ಟೆಲೇರಿಯಂ ಆ ಎಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಸೂರ್ಯ ಮತ್ತು ಕಲ್ಲು ಎರಡೇ ಇವೆ ಅಂದುಕೊಂಡು ಲೆಕ್ಕ ಹಾಕುತ್ತದೆ. ಹೊಸ ಅಂಕಿಗಳನ್ನು ತುಂಬಿದರೆ ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ಸೌರಮಂಡಲ ಎಡಿಟರ್ ಪ್ಲಗಿನ್‌ನಲ್ಲಿ ಎಂಪಿಸಿಯಿಂದ ನೇರವಾಗಿ ತುಂಬಿಕೊಳ್ಳಬಹುದು. ಯಾವ ದಿಕ್ಕು, ಮರ ಅಡ್ಡ ಬರುತ್ತದೋ ಅಂತ ನೋಡಲು ಸ್ಟೆಲೇರಿಯಂ ಒಳ್ಳೆಯದು. ಟೆಲಿಸ್ಕೋಪ್ ತಿರುಗಿಸುವುದು ಮಾತ್ರ ಎಫೆಮೆರಿಸ್ ನೋಡಿಕೊಂಡೇ.

ಕರ್ನಾಟಕದಿಂದ ಇದೆಲ್ಲ ಆಗುತ್ತದಾ?

ಆಗುತ್ತದೆ. ಒಂದು ವಿಷಯದಲ್ಲಿ ನಾವು ಯುರೋಪಿನವರಿಗಿಂತ ಅದೃಷ್ಟವಂತರು. ಕ್ಷುದ್ರಗ್ರಹಗಳು ಹೆಚ್ಚಾಗಿ ಇರುವುದು ರಾಶಿಚಕ್ರದ ಸುತ್ತಮುತ್ತ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಹಾಗಾಗಿ ರಾಶಿಚಕ್ರದ ಅತಿ ದಕ್ಷಿಣದ ಭಾಗವೂ ಉತ್ತರ-ದಕ್ಷಿಣವಾಗಿ ಹೋಗುವ ನೆತ್ತಿಯ ಗೆರೆ ದಾಟುವಾಗ 53 ಡಿಗ್ರಿಗಿಂತ ಮೇಲೇ ಇರುತ್ತದೆ. ಲಂಡನ್ನಿನಲ್ಲಿ ಅದೇ ಭಾಗ 15 ಡಿಗ್ರಿ ಎತ್ತರಕ್ಕೂ ಕಷ್ಟಪಟ್ಟು ಏರುತ್ತದೆ.

ಮಳೆಗಾಲ ನಮಗೆ ಅಡ್ಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಆದರೆ ಸೂರ್ಯನ ಎದುರು ದಿಕ್ಕಿಗೆ ಬಂದ ಕಲ್ಲುಗಳು ಅತಿ ದಕ್ಷಿಣಕ್ಕೆ ಇರುವುದೂ ಜೂನ್ ಸುಮಾರಿಗೇ. ಡಿಸೆಂಬರ್, ಜನವರಿಯಲ್ಲಿ ಅವು ನೆತ್ತಿಯ ಹತ್ತಿರ ಬರುತ್ತವೆ, ಆಕಾಶವೂ ತಿಳಿಯಾಗಿರುತ್ತದೆ. ದೊಡ್ಡ ನಷ್ಟವೇನಿಲ್ಲ.

ಬೆಂಗಳೂರಿನ ಬೀದಿದೀಪಗಳ ಬೆಳಕಿನಲ್ಲಿ 15ನೇ ಮ್ಯಾಗ್ನಿಟ್ಯೂಡ್‌ವರೆಗಿನ ಕಲ್ಲುಗಳಲ್ಲಿ ಕೈ ಪಳಗಿಸಿಕೊಳ್ಳಬಹುದು. ಮಂಕಾದವುಗಳಿಗೆ ಊರು ಬಿಟ್ಟು ಹೋಗಲೇಬೇಕು.

ಎಂಥ ಉಪಕರಣ ಬೇಕು?

8 ಇಂಚಿನ ಟೆಲಿಸ್ಕೋಪ್, ತಾನಾಗಿ ಹಿಂಬಾಲಿಸುವ ಗಟ್ಟಿ ಮೌಂಟ್ (ಟೆಲಿಸ್ಕೋಪ್ ಕೂರುವ ಪೀಠ), ಕಪ್ಪುಬಿಳುಪು ಸಿಮಾಸ್ (CMOS) ಕ್ಯಾಮೆರಾ. ಕಪ್ಪು ಆಕಾಶದಲ್ಲಿ, ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ 18ನೇ ಮ್ಯಾಗ್ನಿಟ್ಯೂಡ್ ಆಸುಪಾಸಿಗೆ ಹೋಗಬಹುದು. ಫಿಲ್ಟರ್ ಬೇಡ, ಬೆಳಕು ಸುಮ್ನೆ ವ್ಯರ್ಥ.

ಒಂದು ಪಿಕ್ಸೆಲ್ ಎಷ್ಟು ಆಕಾಶ ನೋಡುತ್ತದೆ ಅಂತ ತಿಳಿಯಲು 206.265 ಅನ್ನು ಪಿಕ್ಸೆಲ್ ಗಾತ್ರದಿಂದ (ಮೈಕ್ರಾನ್‌ನಲ್ಲಿ) ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಮಿಲಿಮೀಟರ್‌ನಲ್ಲಿ) ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 1000 ಮಿ.ಮೀ. ಫೋಕಲ್ ಲೆಂಗ್ತ್ ಇದ್ದರೆ ಸುಮಾರು 0.78 ಆರ್ಕ್‌ಸೆಕೆಂಡ್. 1ರಿಂದ 2 ಆರ್ಕ್‌ಸೆಕೆಂಡ್ ನಡುವೆ ಇದ್ದರೆ ಒಳ್ಳೆಯದು. ಹಾಗಾಗಿ ಇಂಥ ಕ್ಯಾಮೆರಾದಲ್ಲಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿಕೊಂಡರೂ ನಡೆಯುತ್ತದೆ.

ಎಕ್ಸ್‌ಪೋಶರ್ ಎಷ್ಟು ಹೊತ್ತು ಕೊಡಬೇಕು?

ಕಲ್ಲು ಗೆರೆಯಾಗಿ ಎಳೆದುಕೊಳ್ಳಬಾರದು. ನಿಮ್ಮ ಚಿತ್ರದಲ್ಲಿ ನಕ್ಷತ್ರದ ಅಗಲ ಎಷ್ಟು ಆರ್ಕ್‌ಸೆಕೆಂಡ್ ಇದೆಯೋ ನೋಡಿ, ಅದನ್ನು ಕಲ್ಲಿನ ವೇಗದಿಂದ ಭಾಗಿಸಿ. ನಕ್ಷತ್ರ 4 ಆರ್ಕ್‌ಸೆಕೆಂಡ್ ಅಗಲ, ಕಲ್ಲು ನಿಮಿಷಕ್ಕೆ 2 ಆರ್ಕ್‌ಸೆಕೆಂಡ್ ಓಡುತ್ತಿದ್ದರೆ ಎರಡು ನಿಮಿಷದೊಳಗೆ ಮುಗಿಸಬೇಕು. ನಿಮಿಷಕ್ಕೆ 30 ಓಡುತ್ತಿದ್ದರೆ 8 ಸೆಕೆಂಡ್ ಮಾತ್ರ.

ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯ ಕಲ್ಲುಗಳು ನಿಧಾನ. ಸೂರ್ಯನ ಎದುರು ದಿಕ್ಕಿನಲ್ಲಿದ್ದಾಗ ಗಂಟೆಗೆ 30-40 ಆರ್ಕ್‌ಸೆಕೆಂಡ್, ಅಷ್ಟೇ. ಭೂಮಿಯ ಹತ್ತಿರ ಬರುವವು ಹುಚ್ಚು ಓಟ ಓಡುತ್ತವೆ. ಅವಕ್ಕೆ ಚಿಕ್ಕ ಚಿಕ್ಕ ಚಿತ್ರಗಳನ್ನು ಬಹಳಷ್ಟು ತೆಗೆದು, ಆಮೇಲೆ ಕಲ್ಲಿನ ವೇಗಕ್ಕೆ ತಕ್ಕಂತೆ ಸರಿಸಿ ಪೇರಿಸುವುದು ಒಂದೇ ದಾರಿ. ಆಗ ನಕ್ಷತ್ರಗಳು ಗೆರೆಯಾಗುತ್ತವೆ, ಕಲ್ಲು ಚುಕ್ಕೆಯಾಗಿ ನಿಲ್ಲುತ್ತದೆ.

ಒಂದು ರಾತ್ರಿಗೆ ಎಷ್ಟು ಅಳತೆ ಸಾಕು?

ಮೂರರಿಂದ ಐದು. ಇಪ್ಪತ್ತು ಕಳಿಸಿದರೆ ಕಕ್ಷೆ ಹೆಚ್ಚು ಗಟ್ಟಿಯೇನೂ ಆಗುವುದಿಲ್ಲ. ಅದೇ ಶ್ರಮದಲ್ಲಿ ಇನ್ನೊಂದು ರಾತ್ರಿ ಮೂರು ಅಳತೆ ಮಾಡಿ, ಅದಕ್ಕೆ ಬೆಲೆ ಜಾಸ್ತಿ. ಅಳತೆಗಳ ನಡುವೆ ಕಲ್ಲು ಸರಿದದ್ದು ಕಣ್ಣಿಗೆ ಕಾಣುವಷ್ಟು ಸಮಯ ಬಿಡಿ. ಮಂಗಳ-ಗುರು ನಡುವಿನ ಪಟ್ಟಿಯ ಕಲ್ಲುಗಳಿಗೆ ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಚೆನ್ನ.

ಚಲಿಸುವ ಚುಕ್ಕೆ ಸಿಕ್ಕಿತು, ಆದರೆ ಪಟ್ಟಿಯಲ್ಲಿ ಇಲ್ಲ. ಹೊಸ ಕ್ಷುದ್ರಗ್ರಹವಾ?

ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಕ್ಯಾಮೆರಾದಲ್ಲಿ ಸದಾ ಹೊಳೆಯುವ ಕೆಟ್ಟ ಪಿಕ್ಸೆಲ್‌ಗಳು ಇರುತ್ತವೆ. ಟೆಲಿಸ್ಕೋಪ್ ನಿಧಾನವಾಗಿ ಜಾರುತ್ತಿದ್ದರೆ, ನಕ್ಷತ್ರಗಳನ್ನು ಹೊಂದಿಸಿ ಚಿತ್ರ ಪೇರಿಸಿದಾಗ ಆ ಪಿಕ್ಸೆಲ್ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಸರಿಯುತ್ತದೆ. ಥೇಟ್ ಕ್ಷುದ್ರಗ್ರಹದ ಹಾಗೆ! ಅದರ ಆಕಾರ ನೋಡಿ. ಸುತ್ತಲಿನ ನಕ್ಷತ್ರಗಳಷ್ಟು ಅಗಲ ಇಲ್ಲದಿದ್ದರೆ ಕೈಬಿಡಿ. ಒಂದೇ ದಿಕ್ಕಿನಲ್ಲಿ ಅಂಥ ಚುಕ್ಕೆಗಳು ಹತ್ತಾರು ಸರಿಯುತ್ತಿದ್ದರೂ ಅನುಮಾನ ಪಡಿ.

ನಿಜವಾದ ಕಲ್ಲೇ ಆಗಿದ್ದರೆ ಎಂಪಿಸಿಯ ಎಂಪಿಚೆಕರ್‌ಗೆ ಆ ಜಾಗ, ಆ ಸಮಯ ಕೊಟ್ಟು ಕೇಳಿ. ಅಲ್ಲಿರಬೇಕಾದ ಕಲ್ಲುಗಳನ್ನೆಲ್ಲ ಅದು ತೋರಿಸುತ್ತದೆ. ಆಮೇಲೂ ಗುರುತು ಸಿಗದಿದ್ದರೆ ಮಾರನೆಯ ರಾತ್ರಿ ಮತ್ತೆ ಹುಡುಕಿ. ಒಂದೇ ರಾತ್ರಿಯ ಅಳತೆಯಿಂದ ಸಾಮಾನ್ಯವಾಗಿ ಕಕ್ಷೆ ಹಾಕಲು ಬರುವುದಿಲ್ಲ, ಹೊಸ ಹೆಸರೂ ಸಿಗುವುದಿಲ್ಲ. ಎರಡನೇ ರಾತ್ರಿ ಮೋಡ ಬಂದರೆ ಬೇರೆ ಊರಿನ ಗೆಳೆಯರಿಗೆ ಹೇಳಿ. ಗುಟ್ಟು ಮಾಡಿ ಕೂತರೆ ಕಲ್ಲು ಕಾಯುವುದಿಲ್ಲ.

ಸಮಯ ಎಷ್ಟು ಕರಾರುವಾಕ್ಕಾಗಿ ಇರಬೇಕು?

ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಸಮಯದ ಬಗ್ಗೆ. ನಿಮಿಷಕ್ಕೆ 60 ಆರ್ಕ್‌ಸೆಕೆಂಡ್ ಓಡುವ ಕಲ್ಲಿಗೆ ನಿಮ್ಮ ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಸ್ಥಾನವೂ ಒಂದು ಆರ್ಕ್‌ಸೆಕೆಂಡ್ ತಪ್ಪುತ್ತದೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಅಳತೆ ಹಾಳು. ಕಕ್ಷೆ ಹಾಕುವವರಿಗೆ ಅದು ಗಡಿಯಾರದ ತಪ್ಪು ಅಂತ ಗೊತ್ತಾಗುವುದೂ ಕಷ್ಟ.

ಲ್ಯಾಪ್‌ಟಾಪಿನ ಗಡಿಯಾರವನ್ನು ನಂಬಬೇಡಿ. ಎನ್‌ಟಿಪಿ ತಂತ್ರಾಂಶ ಹಾಕಿ, ರಾತ್ರಿಯಿಡೀ ಇಂಟರ್ನೆಟ್ ಮೂಲಕ ಸರಿಹೊಂದುತ್ತಾ ಇರಲಿ. ನೆಟ್‌ವರ್ಕ್ ಇಲ್ಲದ ಬೆಟ್ಟಕ್ಕೆ ಹೋಗುವುದಾದರೆ ಜಿಪಿಎಸ್ ರಿಸೀವರ್ ಜೋಡಿಸಿ. ಚಿತ್ರದಲ್ಲಿ ದಾಖಲಾಗುವ ಸಮಯ ಎಕ್ಸ್‌ಪೋಶರ್ ಶುರುವಾದದ್ದೋ ಮುಗಿದದ್ದೋ ಅಂತ ನೋಡಿಕೊಳ್ಳಿ. ವರದಿಗೆ ಬೇಕಾದದ್ದು ಮಧ್ಯದ ಕ್ಷಣ.

ಎಲ್ಲ ಸಮಯವೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಬೇಕು. ಜನವರಿ 15ರ ಬೆಳಗಿನ ಜಾವ 2 ಗಂಟೆ ಅಂದರೆ ಯುಟಿಸಿಯಲ್ಲಿ ಜನವರಿ 14ರ ರಾತ್ರಿ 8:30. ಹಳೆಯ ಮಾದರಿಯ ವರದಿಯಲ್ಲಿ ಅದನ್ನು ದಿನದ ದಶಮಾಂಶವಾಗಿ ಬರೆಯುತ್ತಾರೆ: 14.85417. ಐದನೇ ದಶಮಾಂಶ ಅಂದರೆ 0.864 ಸೆಕೆಂಡ್. ವೇಗದ ಕಲ್ಲುಗಳಿಗೆ ಆರು ದಶಮಾಂಶ ಬೇಕು.

ಸ್ಥಾನ ಅಳೆಯಲು ಯಾವ ತಂತ್ರಾಂಶ?

ಹರ್ಬರ್ಟ್ ರಾಬ್ ಬರೆದ ಆಸ್ಟ್ರೊಮೆಟ್ರಿಕಾ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ವಿಂಡೋಸ್‌ನಲ್ಲಿ ನಡೆಯುತ್ತದೆ. ವೇಗದ ಅಥವಾ ಮಂಕು ಕಲ್ಲುಗಳನ್ನು ಪೇರಿಸಿ ಹುಡುಕಲು ಟೈಕೊ ಟ್ರ್ಯಾಕರ್ ಚೆನ್ನಾಗಿದೆ. ಎರಡೂ ಮಾಡುವ ಕೆಲಸ ಒಂದೇ: ಚಿತ್ರದಲ್ಲಿರುವ ನಕ್ಷತ್ರಗಳನ್ನು ಪಟ್ಟಿಯ ಜೊತೆ ಹೋಲಿಸಿ, ಆ ಅಳತೆಗೋಲಿನಲ್ಲಿ ಕಲ್ಲಿನ ಜಾಗ ಹೇಳುತ್ತವೆ.

ನಕ್ಷತ್ರಗಳ ಪಟ್ಟಿ ಮಾತ್ರ ಗಾಯಾದ್ದೇ ಇರಲಿ. ಯುರೋಪಿನ ಗಾಯಾ ನೌಕೆ 2013ರಲ್ಲಿ ಹಾರಿ 2025ರ ಜನವರಿವರೆಗೆ ಕೆಲಸ ಮಾಡಿತು. ನಕ್ಷತ್ರಗಳ ಸ್ಥಾನ, ಅವು ಸರಿಯುವ ವೇಗ ಎರಡನ್ನೂ ಅದರಷ್ಟು ನಿಖರವಾಗಿ ಹೇಳುವ ಪಟ್ಟಿ ಇನ್ನೊಂದಿಲ್ಲ. ಹಳೆಯ ಪಟ್ಟಿಗಳಲ್ಲಿ ಆಕಾಶದ ಕೆಲವು ಭಾಗಗಳೇ ಒಂದು ಕಡೆಗೆ ವಾಲಿಕೊಂಡಿದ್ದವು.

ನನ್ನ ಅಳತೆ ಸರಿಯಿದೆ ಅಂತ ಕಳಿಸುವ ಮುಂಚೆಯೇ ತಿಳಿಯಬಹುದಾ?

ಖಂಡಿತ. ಕಕ್ಷೆ ಗಟ್ಟಿಯಾಗಿ ಗೊತ್ತಿರುವ ಒಂದು ಕಲ್ಲನ್ನು ಅದೇ ರಾತ್ರಿ ಅಳೆಯಿರಿ. ಲೆಕ್ಕದ ಸ್ಥಾನಕ್ಕೂ ನಿಮ್ಮ ಸ್ಥಾನಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ. ಇದನ್ನು ರೆಸಿಡ್ಯುಯಲ್ ಅನ್ನುತ್ತಾರೆ. ಬಿಲ್ ಗ್ರೇ ಅವರ ಫೈಂಡ್ ಆರ್ಬ್ ಈ ಲೆಕ್ಕವನ್ನು ಉಚಿತವಾಗಿ ಹಾಕಿಕೊಡುತ್ತದೆ. ಒಂದು ಆರ್ಕ್‌ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಸರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಖುಷಿಪಡಿ.

ವ್ಯತ್ಯಾಸ ಯಾವ ದಿಕ್ಕಿಗೆ ಅನ್ನುವುದೂ ಸುಳಿವು ಕೊಡುತ್ತದೆ. ಎಲ್ಲ ಅಳತೆಗಳೂ ಕಲ್ಲು ಓಡುವ ದಿಕ್ಕಿಗೇ ಮುಂದೆ ಅಥವಾ ಹಿಂದೆ ಇದ್ದರೆ ಗಡಿಯಾರ ನೋಡಿ. ಅತ್ತಿತ್ತ ಚೆಲ್ಲಾಪಿಲ್ಲಿ ಆಗಿದ್ದರೆ ಚುಕ್ಕೆ ತೀರಾ ಮಂಕು. ಒಂದೇ ಒಂದು ಅಳತೆ ದೂರ ಹೋಗಿದ್ದರೆ ಆ ಹೊತ್ತಿಗೆ ಕಲ್ಲು ಯಾವುದೋ ನಕ್ಷತ್ರದ ಪಕ್ಕ ಹಾದುಹೋಗುತ್ತಿರಬಹುದು. ಅದನ್ನು ಬಿಟ್ಟುಬಿಡಿ. ಲೆಕ್ಕಕ್ಕೆ ಹೊಂದುವಂತೆ ಅಳತೆಯನ್ನು ತಿದ್ದುವುದು ಮಾತ್ರ ಬೇಡವೇ ಬೇಡ.

ವೀಕ್ಷಣಾಲಯದ ಕೋಡ್ ಪಡೆಯುವುದು ಹೇಗೆ? ನನ್ನದು ಮನೆಯ ತಾರಸಿ.

ತಾರಸಿಯಾದರೂ ಸರಿ. ಜಗತ್ತಿನಲ್ಲಿ ಕೋಡ್ ಇರುವ ಜಾಗಗಳಲ್ಲಿ ಎಷ್ಟೋ ಹಿತ್ತಲು, ತಾರಸಿಗಳೇ. ಗುರುತಿನ ಚೀಟಿ, ಡಿಗ್ರಿ ಯಾರೂ ಕೇಳುವುದಿಲ್ಲ. ಕೆಲಸ ಮಾಡಿ ತೋರಿಸಬೇಕು, ಅಷ್ಟೇ. ನಂಬರ್ ಸಿಕ್ಕಿರುವ, ಕಕ್ಷೆ ಗಟ್ಟಿಯಾಗಿರುವ ಕೆಲವು ಕ್ಷುದ್ರಗ್ರಹಗಳನ್ನು ಕನಿಷ್ಠ ಎರಡು ರಾತ್ರಿ ಅಳೆಯಿರಿ. ತೀರಾ ಪ್ರಕಾಶದ ವೆಸ್ಟಾ, ಸೀರಿಸ್ ಬೇಡ. ಅವು ಚಿತ್ರದಲ್ಲಿ ಉಕ್ಕಿಹೋಗುತ್ತವೆ. ಕೋಡ್ ಜಾಗದಲ್ಲಿ ಎಕ್ಸ್ ಎಕ್ಸ್ ಎಕ್ಸ್ ಅಂತ ಹಾಕಿ, ನಿಮ್ಮ ಜಾಗದ ನಿಖರ ವಿವರದ ಜೊತೆ ಎಂಪಿಸಿಗೆ ಕಳಿಸಿ. ಅಳತೆ ಚೆನ್ನಾಗಿದ್ದರೆ ಅಕ್ಷರ, ಅಂಕೆ ಸೇರಿ ಮೂರರ ಕೋಡ್ ಬರುತ್ತದೆ.

ಕೋಡ್ ಜಾಗಕ್ಕೆ ಸೇರಿದ್ದು, ಮನುಷ್ಯನಿಗಲ್ಲ. ಮನೆ ಬದಲಾಯಿಸಿದರೆ ಹೊಸ ಕೋಡ್ ಬೇಕು. ಊರೂರು ತಿರುಗುತ್ತಾ ನೋಡುವವರಿಗೆ 247 ಅನ್ನುವ ಸಂಚಾರಿ ಕೋಡ್ ಇದೆ. ಅದರಲ್ಲಿ ಪ್ರತಿ ಅಳತೆಯ ಜೊತೆಗೂ ಜಾಗದ ವಿವರ ಸೇರಿಸಬೇಕು.

ವರದಿ ಯಾವ ರೂಪದಲ್ಲಿರಬೇಕು?

ಹಳೆಯದು 80 ಕಾಲಂಗಳ ಸಾಲು. ಪಂಚ್ ಕಾರ್ಡ್ ಕಾಲದ್ದು. ಹೆಸರು, ಸಮಯ, ಆರ್‌ಎ, ಡೆಕ್, ಮ್ಯಾಗ್ನಿಟ್ಯೂಡ್, ಕೊನೆಯ ಮೂರು ಕಾಲಂನಲ್ಲಿ ವೀಕ್ಷಣಾಲಯದ ಕೋಡ್. ಒಂದು ಅಕ್ಷರ ಆಚೀಚೆ ಆದರೆ ಇಡೀ ಸಾಲು ತಿರಸ್ಕಾರವಾಗುತ್ತದೆ. ಈಗಿನದು ಏಡ್ಸ್ (ADES) ಎಂಬ ರೂಪ. ಇದರಲ್ಲಿ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಅಂತಲೂ ಹೇಳಬಹುದು. ಹೊಸಬರು ನೇರವಾಗಿ ಏಡ್ಸ್‌ನಲ್ಲೇ ಶುರು ಮಾಡಿ. ತಂತ್ರಾಂಶವೇ ಬರೆದುಕೊಡುತ್ತದೆ. ಯಾರು ನೋಡಿದರು, ಯಾರು ಅಳೆದರು, ಯಾವ ಟೆಲಿಸ್ಕೋಪ್, ಯಾವ ನಕ್ಷತ್ರ ಪಟ್ಟಿ ಅಂತ ತಲೆಬರಹದಲ್ಲಿ ಹೇಳಿ. ಕಳಿಸಿದ್ದನ್ನೇ ಮತ್ತೆ ಕಳಿಸಬೇಡಿ.

2024 ವೈಆರ್4 ಅನ್ನುವ ಕ್ಷುದ್ರಗ್ರಹದ ಹೆಸರಿಗೆ ಏನರ್ಥ?

2024 ಕಂಡ ವರ್ಷ. ವೈ ಅಂದರೆ ಡಿಸೆಂಬರ್ ಎರಡನೇ ಅರ್ಧ. ವರ್ಷವನ್ನು 24 ಅರ್ಧ ತಿಂಗಳಾಗಿ ಮಾಡಿ, ಇಂಗ್ಲಿಷಿನ ಐ ಅಕ್ಷರ ಬಿಟ್ಟು ಎ, ಬಿ, ಸಿ ಅಂತ ಹೆಸರಿಡುತ್ತಾರೆ. ಆರ್ ಮತ್ತು 4 ಸೇರಿದರೆ ಸರದಿ ಸಂಖ್ಯೆ. ಐ ಬಿಟ್ಟರೆ ಆರ್ 17ನೇ ಅಕ್ಷರ. 25 ಅಕ್ಷರಗಳ ಸುತ್ತು ನಾಲ್ಕು ಸಲ ಮುಗಿದಿದೆ. ಅಂದರೆ ಆ ಅರ್ಧ ತಿಂಗಳಲ್ಲಿ ಇದು 117ನೆಯದು.

ಅದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ಏರಿ ಆಮೇಲೆ ಸೊನ್ನೆಯಾಯಿತಲ್ಲ. ವಿಜ್ಞಾನಿಗಳು ತಪ್ಪು ಮಾಡಿದರಾ?

ಇಲ್ಲ. ಚಿಲಿಯ ಅಟ್ಲಾಸ್ ಟೆಲಿಸ್ಕೋಪ್ 2024ರ ಡಿಸೆಂಬರ್ 27ರಂದು ಅದನ್ನು ಕಂಡಿತು. ಗಾತ್ರ ಸುಮಾರು 60 ಮೀಟರ್. 2032ರ ಡಿಸೆಂಬರ್ 22ಕ್ಕೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ರಂದು ಸುಮಾರು 3.1 ಶೇಕಡಾಕ್ಕೆ ಏರಿತ್ತು. ಫೆಬ್ರವರಿ ಮುಗಿಯುವ ಹೊತ್ತಿಗೆ ಸೊನ್ನೆಯ ಹತ್ತಿರ ಇಳಿಯಿತು. ಬಿದ್ದರೆ ಎಲ್ಲೆಲ್ಲಿ ಬೀಳಬಹುದು ಅನ್ನುವ ಪಟ್ಟಿಯಲ್ಲಿ ಅರಬ್ಬೀ ಸಮುದ್ರ, ದಕ್ಷಿಣ ಏಷ್ಯಾ ಕೂಡ ಇದ್ದುದರಿಂದ ನಮ್ಮಲ್ಲೂ ಟಿವಿಯವರು ಸಾಕಷ್ಟು ಕೂಗಾಡಿದರು.

ಲೆಕ್ಕ ಹೀಗೆ. ಅಳತೆ ಕಡಿಮೆಯಿದ್ದಾಗ ಆ ದಿನ ಕಲ್ಲು ಇರಬಹುದಾದ ಜಾಗ ಬಹಳ ದೊಡ್ಡದು. ಭೂಮಿ ಅದರಲ್ಲಿ ಒಂದು ಸಣ್ಣ ಚುಕ್ಕೆ. ಹೊಸ ಅಳತೆ ಬಂದಂತೆ ಆ ಜಾಗ ಕುಗ್ಗುತ್ತದೆ. ಭೂಮಿ ಇನ್ನೂ ಒಳಗೇ ಇದ್ದರೆ ಅದರ ಪಾಲು ದೊಡ್ಡದಾಗಿ ಕಾಣುತ್ತದೆ, ಶೇಕಡಾ ಏರುತ್ತದೆ. ಇನ್ನಷ್ಟು ಕುಗ್ಗಿ ಭೂಮಿ ಹೊರಗೆ ಉಳಿದಾಗ ಒಮ್ಮೆಲೇ ಇಳಿಯುತ್ತದೆ. ಹತ್ತಿರ ಹಾದುಹೋಗುವ ಕಲ್ಲುಗಳಲ್ಲಿ ಇಂಥ ಏರಿಳಿತ ಮಾಮೂಲು. ಅದನ್ನು ಇಳಿಸಿದ್ದು ರಾತ್ರಿ ರಾತ್ರಿ ಬಂದ ಅಳತೆಗಳೇ.

ಹೊಸದಾಗಿ ಸಿಕ್ಕ ಕಲ್ಲುಗಳನ್ನು ಹವ್ಯಾಸಿಗಳು ಹಿಂಬಾಲಿಸಬಹುದಾ?

ಹಿಂಬಾಲಿಸಬಹುದು. ಅದಕ್ಕೆ ಎಂಪಿಸಿಯಲ್ಲಿ ಒಂದು ದೃಢೀಕರಣ ಪಟ್ಟಿಯಿದೆ. ಭೂಮಿಯ ಹತ್ತಿರ ಬರುವ ಕಲ್ಲಿರಬಹುದು ಅನ್ನಿಸಿದ ಪ್ರತಿ ಹೊಸ ಚುಕ್ಕೆಗೂ ಒಂದು ತಂತ್ರಾಂಶ ಅಂಕ ಕೊಡುತ್ತದೆ. ನೂರಕ್ಕೆ 65 ದಾಟಿದರೆ ಪಟ್ಟಿಗೆ ಬರುತ್ತದೆ. ಎಲ್ಲೆಲ್ಲಿ ಹುಡುಕಬೇಕು ಅಂತ ಒಂದು ನಕ್ಷೆಯೂ ಸಿಗುತ್ತದೆ. ನಕ್ಷೆಯ ಚುಕ್ಕೆಗಳು ನಿಮ್ಮ ಕ್ಯಾಮೆರಾದ ಚೌಕಟ್ಟಿಗಿಂತ ದೊಡ್ಡ ಜಾಗದಲ್ಲಿ ಹರಡಿದ್ದರೆ ಬೇರೆಯದನ್ನು ಆರಿಸಿಕೊಳ್ಳಿ. ಇಲ್ಲಿ ತಡ ಮಾಡಬಾರದು. ಅಳೆದ ರಾತ್ರಿಯೇ ಕಳಿಸಬೇಕು.

ಎಷ್ಟು ಬೇಗ ಅನ್ನುವುದಕ್ಕೆ 2008 ಟಿಸಿ3 ನೋಡಿ. ಅಕ್ಟೋಬರ್ 6ರಂದು ಅರಿಜೋನಾದ ಮೌಂಟ್ ಲೆಮನ್‌ನಲ್ಲಿ ರಿಚರ್ಡ್ ಕೊವಾಲ್ಸ್ಕಿ ಅದನ್ನು ಕಂಡರು. ಸುಮಾರು 4 ಮೀಟರಿನ ಕಲ್ಲು. ಒಂದು ದಿನವೂ ಕಳೆಯಲಿಲ್ಲ, ಸುಡಾನಿನ ಮರುಭೂಮಿಯ ಮೇಲೆ ಉರಿದು ಬಿತ್ತು. ಅಷ್ಟರೊಳಗೆ ಜಗತ್ತಿನ ವೃತ್ತಿಪರರು, ಹವ್ಯಾಸಿಗಳು ಸೇರಿ ಐನೂರಕ್ಕೂ ಹೆಚ್ಚು ಅಳತೆ ಕಳಿಸಿದ್ದರು. ಎಲ್ಲಿ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರಿಂದ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲಾಗಿ ನಡೆದು ಚೂರುಗಳನ್ನು ಹೆಕ್ಕಿದರು.

"ಕ್ಷುದ್ರಗ್ರಹ ಪತ್ತೆಹಚ್ಚಿದ ಶಾಲಾ ವಿದ್ಯಾರ್ಥಿ" ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ನಿಜವಾ?

ಅರ್ಧ ನಿಜ. ಅಮೆರಿಕದಿಂದ ನಡೆಯುವ ಅಂತರರಾಷ್ಟ್ರೀಯ ಖಗೋಳ ಹುಡುಕಾಟ ಸಹಯೋಗ ಎಂಬ ಕಾರ್ಯಕ್ರಮ ಹವಾಯಿಯ ಪ್ಯಾನ್‌ಸ್ಟಾರ್ಸ್ ಚಿತ್ರಗಳನ್ನು ಶಾಲೆಗಳಿಗೆ ಕೊಡುತ್ತದೆ. ಮಕ್ಕಳು ಆಸ್ಟ್ರೊಮೆಟ್ರಿಕಾದಲ್ಲಿ ಚಲಿಸುವ ಚುಕ್ಕೆ ಹುಡುಕುತ್ತಾರೆ. ಒಳ್ಳೆಯ ತರಬೇತಿ, ಟೆಲಿಸ್ಕೋಪೇ ಬೇಡ. ಆದರೆ ಆಗ ಸಿಗುವುದು ಪ್ರಾಥಮಿಕ ಗುರುತು ಮಾತ್ರ. ಅದು ಖಚಿತವಾಗಿ ತಾತ್ಕಾಲಿಕ ಹೆಸರು ಸಿಗಬೇಕು, ಹಲವು ವರ್ಷ ಅಳೆದು ಕಕ್ಷೆ ಗಟ್ಟಿಯಾಗಿ ನಂಬರ್ ಬರಬೇಕು. ಪತ್ರಿಕೆಗಳು ಮೊದಲ ಮೆಟ್ಟಿಲಲ್ಲೇ ಹಾರ ಹಾಕಿಬಿಡುತ್ತವೆ. ಮಕ್ಕಳ ಉತ್ಸಾಹಕ್ಕೆ ನನ್ನದೇನೂ ತಕರಾರಿಲ್ಲ.

ನನ್ನ ಅಜ್ಜಿಯ ಹೆಸರಿಡಬಹುದಾ?

ಕಂಡುಹಿಡಿದ ಶ್ರೇಯ ನಿಮಗೆ ಸಿಕ್ಕಿ, ಕಲ್ಲಿಗೆ ನಂಬರ್ ಬಂದ ಮೇಲೆ ಹತ್ತು ವರ್ಷದೊಳಗೆ ಹೆಸರು ಸೂಚಿಸಬಹುದು. ಹೆಸರು 16 ಅಕ್ಷರ ಮೀರಬಾರದು. ಒಪ್ಪುವುದು ಬಿಡುವುದು ಖಗೋಳ ಒಕ್ಕೂಟದ ಸಮಿತಿಗೆ ಬಿಟ್ಟದ್ದು. ರಾಜಕಾರಣಿಗಳ, ಸೇನಾನಿಗಳ ಹೆಸರು ಅವರು ತೀರಿಕೊಂಡು ನೂರು ವರ್ಷ ಆಗುವವರೆಗೆ ಇಲ್ಲ. ಒಳ್ಳೆಯ ನಿಯಮ. ದುಡ್ಡು ತೆಗೆದುಕೊಂಡು ಹೆಸರಿಡುತ್ತೇವೆ ಅನ್ನುವವರನ್ನು ನಂಬಬೇಡಿ.

ಭಾರತದಿಂದ ಯಾರಾದರೂ ಕ್ಷುದ್ರಗ್ರಹ ಕಂಡುಹಿಡಿದಿದ್ದಾರಾ?

1861ರ ಏಪ್ರಿಲ್ 17ರಂದು ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ 67ನೇ ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು, ಹೆಸರೂ ಏಷ್ಯಾ. ಮೇಲೆ ಹೇಳಿದ ಐದು ಮ್ಯಾಗ್ನಿಟ್ಯೂಡಿಗೆ ನೂರು ಪಟ್ಟು ಅನ್ನುವ ಲೆಕ್ಕವೂ ಅವರದೇ. ಸ್ಯಾಫೊ, ಸಿಲ್ವಿಯಾ, ಕ್ಯಾಮಿಲಾ ಕೂಡ ಅವರಿಗೆ ಮದರಾಸಿನಿಂದಲೇ ಸಿಕ್ಕವು. ಕೊನೆಯದಾಗಿ 1885ರಲ್ಲಿ ವೆರಾ.

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕಳೆದು, 1988ರಲ್ಲಿ ಕಾವಲೂರಿನ ವೇಣು ಬಾಪು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಒಂದನ್ನು ಕಂಡರು. ಅದು ಈಗ 4130 ರಾಮಾನುಜನ್. ಕಾವಲೂರು ತಮಿಳುನಾಡಿನ ಜವ್ವಾದು ಬೆಟ್ಟದಲ್ಲಿದೆ. ನಡೆಸುವುದು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಇದೇ ಸಂಸ್ಥೆಯವರು ಲಡಾಖ್‌ನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಹೊಸಕೋಟೆಯಲ್ಲಿ ಕೂತೇ ಓಡಿಸುತ್ತಾರೆ.

ರೂಬಿನ್ ವೀಕ್ಷಣಾಲಯ ಬಂದ ಮೇಲೆ ನಮಗೇನು ಕೆಲಸ?

ಚಿಲಿಯ ರೂಬಿನ್ 2025ರ ಜೂನ್‌ನಲ್ಲಿ ಮೊದಲ ಚಿತ್ರ ತೋರಿಸಿದಾಗಲೇ, ಸುಮಾರು ಹತ್ತು ಗಂಟೆಯ ಚಿತ್ರಗಳಲ್ಲಿ 2,104 ಹೊಸ ಕ್ಷುದ್ರಗ್ರಹ ಸಿಕ್ಕವು ಅಂತ ಹೇಳಿತು. ಹುಡುಕುವ ಪೈಪೋಟಿಯಲ್ಲಿ ನಾವು ಗೆಲ್ಲುವುದಿಲ್ಲ, ಬಿಡಿ. ಆದರೆ ರೂಬಿನ್ ಚಿಲಿಯಲ್ಲಿದೆ. ಅಲ್ಲಿ ಹಗಲಾದಾಗ ನಮಗೆ ರಾತ್ರಿ. ಓಡುವ ಕಲ್ಲಿನ ಹಿಂದೆ ಗಂಟೆಗಟ್ಟಲೆ ಕೂರುವುದು ಅದರ ಕೆಲಸವೂ ಅಲ್ಲ. ನಮಗೆ ಉಳಿದಿರುವುದು ಹತ್ತಿರ ಬಂದ, ಪ್ರಕಾಶದ, ವೇಗದ ಕಲ್ಲುಗಳು. ಜೊತೆಗೆ ಕಲ್ಲು ಎಷ್ಟು ಗಂಟೆಗೊಮ್ಮೆ ತಿರುಗುತ್ತದೆ ಅಂತ ಬೆಳಕಿನ ಏರಿಳಿತದಿಂದ ಕಂಡುಹಿಡಿಯಬಹುದು. ಕ್ಷುದ್ರಗ್ರಹ ನಕ್ಷತ್ರವನ್ನು ಮರೆಮಾಡುವ ಕ್ಷಣವನ್ನು ಹಿಡಿಯಬಹುದು. ಅದಕ್ಕೆ ಅಕ್ಕಲ್ಟ್ ವಾಚರ್ ತಂತ್ರಾಂಶ ನೋಡಿ.

ಅಪೊಫಿಸ್ ನಮ್ಮೂರಿಂದ ಕಾಣುತ್ತದಾ?

ಸುಮಾರು 340 ಮೀಟರಿನ ಅಪೊಫಿಸ್ ಎಂಬ ಕ್ಷುದ್ರಗ್ರಹ 2029ರ ಏಪ್ರಿಲ್ 13ರಂದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳಿಗಿಂತಲೂ ಹತ್ತಿರ. ಬಡಿಯುವುದಿಲ್ಲ. ಅತಿ ಹತ್ತಿರದ ಕ್ಷಣ ನಮ್ಮ ಗಡಿಯಾರದಲ್ಲಿ ಏಪ್ರಿಲ್ 14ರ ಬೆಳಗಿನ ಜಾವ ಮೂರು ಕಾಲರ ಸುಮಾರಿಗೆ. ಆ ಹೊತ್ತಿಗೆ ಅದು ಅಟ್ಲಾಂಟಿಕ್ ಮೇಲಿರುತ್ತದೆ. ಹಾಗಾಗಿ ನಾವು ನೋಡಬೇಕಾದದ್ದು ಅದಕ್ಕೂ ಮುಂಚಿನ ಗಂಟೆಗಳಲ್ಲಿ.

ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರ ಅನ್ನುವುದು ಕಾರವಾರಕ್ಕೂ ಕೋಲಾರಕ್ಕೂ ಒಂದೇ ಅಲ್ಲ. ಹೊರೈಜನ್ಸ್ ತೆರೆಯಿರಿ, 99942 (ಅಪೊಫಿಸ್‌ನ ನಂಬರ್) ಅಂತ ಹಾಕಿ, ನಿಮ್ಮೂರಿನ ಅಕ್ಷಾಂಶ ರೇಖಾಂಶ ಕೊಡಿ, ಏಪ್ರಿಲ್ 13ರ ಮಧ್ಯಾಹ್ನ 12:30 ಯುಟಿಸಿಯಿಂದ, ಅಂದರೆ ನಮ್ಮ ಸಂಜೆ 6ರಿಂದ, ಹತ್ತು ಹತ್ತು ನಿಮಿಷಕ್ಕೆ ಪಟ್ಟಿ ತೆಗೆಯಿರಿ. ಎಫೆಮೆರಿಸ್ ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮನೆಪಾಠ ನನಗೆ ಗೊತ್ತಿಲ್ಲ.